ಸುಳಿ ಎಳೆದು ನೋಡುವ ಅಕ್ಕ

ಸವಳಂಗದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನಿಗೆ ಹಿತ್ತಲ ಅನಾನಸ್ ಗಿಡಗಳ ಸುಳಿ ಎಳೆದು ನೋಡದೆ ಬೆಳಗಾಗುತ್ತಿರಲಿಲ್ಲ. ಸುಳಿ ಬಿಗಿಯಾಗಿದ್ದರೆ ಮುಳ್ಳೆಲೆಯನ್ನೂ ಲೆಕ್ಕಿಸದೆ ಗಿಡದ ಮೈದಡವುತ್ತಿದ್ದರು. ಸಲೀಸಾಗಿ ಕೈಗೆ ಬಂದರೆ ಮೂಸಿ, "ಕೊಳೆತೈತೆ. ಬುಡಕ್ಕೆ ಗಾಳಿ ಆಡ್ಬೇಕ್ರೀ, ನೀರು ನಿಲ್ಬಾರ್ದು," ಎನ್ನುತ್ತಿದ್ದರು. ಮನೆಗೆ ಹೋದವರಿಗೂ ಕಿಟಕಿ ತೆರೆದು ಅದೇ ಮಾತು: "ಗಾಳಿ ಆಡ್ಬೇಕ್ರೀ."

ಅವರ ಮಗಳನ್ನು ನೋಡಲು ಹೊನ್ನಾಳಿಯಿಂದ ಗಂಡಿನವರು ಬಂದ ದಿನ ಜೋರು ಮಳೆ. ಉಪ್ಪಿಟ್ಟಿನ ತಟ್ಟೆ ಕೊಡುತ್ತಿದ್ದ ಅಕ್ಕ ಕಿಟಕಿಯಾಚೆ ನೋಡಿದರು. ಗಿಡಗಳ ಸಾಲಿನಲ್ಲಿ ನೀರು ನಿಂತಿತ್ತು. ನಿಂತ ನೀರಿನಲ್ಲಿ ಸುಳಿ ಕೊಳೆಸುವ ಶಿಲೀಂಧ್ರ ಒಂದು ಸಾಲಿನಿಂದ ಹಿತ್ತಲಿಗೆಲ್ಲ ಹಬ್ಬುತ್ತದೆ. ತಟ್ಟೆಗಳನ್ನು ನೆರವಿಗೆಂದು ಹೋಗಿದ್ದ ನನ್ನ ಕೈಗಿಟ್ಟು, ರೇಷ್ಮೆ ಸೀರೆ ಎತ್ತಿ ಕಟ್ಟಿ, ಸಲಿಕೆ ಹಿಡಿದು ಹೊರಟೇಬಿಟ್ಟರು. ಸಂಬಂಧ ಕೈತಪ್ಪಿತೆಂದು ಅವರ ಯಜಮಾನರು ಬೆವರೊರೆಸಿಕೊಂಡರು. ಅಷ್ಟರಲ್ಲಿ ಹೆಣ್ಣು ನೋಡಲು ಬಂದಿದ್ದ ಹುಡುಗನೇ ಪ್ಯಾಂಟು ಮಡಚಿ ಅಕ್ಕನ ಹಿಂದೆ ಹೋದ.

"ನೀವು ಬಿಡ್ರಿ, ಬಟ್ಟೆ ಕೆಡ್ತಾವೆ," ಎಂದರು ಅಕ್ಕ.

"ಒಗೆದ್ರೆ ಹೋಗ್ತೈತೆ. ಕಾಲುವೆ ಎತ್ತ ತಿರುಗಿಸ್ಲಿ, ಹೇಳ್ರಿ," ಎಂದ ಅವನು.

ನೀರೆಲ್ಲ ಹರಿದುಹೋದ ಮೇಲೆ ಇಬ್ಬರೂ ಕೆಸರುಗಾಲಲ್ಲಿ ನಗುತ್ತ ಬಂದರು. ಹೊಸ್ತಿಲಾಚೆಯಿಂದಲೇ ಅಕ್ಕ ಯಜಮಾನರಿಗೆ ಕೂಗಿ ಹೇಳಿದರು: "ನಾವು ಹುಡುಗನ್ನ ನೋಡಿದ್ದಾತು. ಇನ್ನು ಅವ್ರು ಹುಡುಗೀನ ನೋಡ್ಲಿ, ಕರೀರಿ!"