ಹೊಲಿಯದೆ ಉಳಿದಿದ್ದ ಮೂಲೆ

ಅಥಣಿ ರಸ್ತೆಯ ಈ ಮನೆಯನ್ನು ನಾವು ಬ್ಯಾಂಕಿನ ಹರಾಜಿನಲ್ಲಿ ಕೊಂಡೆವು. ಹಳೆಯ ಮಾಲೀಕರಿಗೆ ಸಾಮಾನು ಒಯ್ಯಲು ಕೊಟ್ಟ ಅವಧಿ ಮುಗಿದಿತ್ತು, ಹಾಗಾಗಿ ಕೀಲಿಯ ಜೊತೆ ಆ ಸಾಮಾನೂ ನಮ್ಮ ಪಾಲಿಗೆ ಬಂತು. ಗುಜರಿಯವನನ್ನು ಕರೆಯುತ್ತೇನೆ ಎಂದರು ನಮ್ಮ ಮನೆಯವರು. ಒಂದೊಂದಾಗಿ ನೋಡಿ ಕೊಡೋಣ ಎಂದು ನಾನೇ ತಡೆದೆ.

ನೋಡಿದ್ದೇ ತಪ್ಪಾಯಿತು. ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ ನಿಂತಿದ್ದವು. ಮುಚ್ಚಳದ ಒಳಗಂಚಿನಲ್ಲೂ ಜಿಡ್ಡಿರಲಿಲ್ಲ. ಎಂಥ ಹೆಂಗಸಪ್ಪಾ ಈ ಮನೆಯ ಹಳೆಯ ಒಡತಿ! ಸಾಲದ್ದಕ್ಕೆ ಬಾಜೂ ಮನೆಯ ಕಾಕು ದಿನಾ ಬಂದು ಆಕೆಯನ್ನು ಹೊಗಳುತ್ತಿದ್ದರು. "ಆಕಿ ಇದ್ದಾಗ ಈ ಕಟ್ಟಿ ಮ್ಯಾಲ ನಾಕ ಮಂದಿ ಕುಂತ ಇರ್ತಿದ್ರು. ನೀ ಬಿಡವಾ, ಬಾಗಲಾ ಹಾಕ್ಕೊಂಡ ಇರಾಕಿ."

ಟ್ರಂಕಿನಲ್ಲಿ ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಕೌದಿ ಸಿಕ್ಕಿತು. ಹಸಿರು ಇಳಕಲ್ ಸೀರೆಯ ತುಂಡು, ಪುಟ್ಟ ಫ್ರಾಕಿನ ಹೂವು, ಯಾರದೋ ಅಂಗಿಯ ಜೇಬು ಇದ್ದ ಹಾಗೆಯೇ. ಕರವಸ್ತ್ರದ ಕಸೂತಿಗೆ ಕಾನ್ವೆಂಟಿನ ಸಿಸ್ಟರಿಂದ ಬಹುಮಾನ ಪಡೆದವಳು ನಾನು. ಆದರೆ ಇರುವೆ ಸಾಲಿನಂಥ ಆ ಹೊಲಿಗೆ ನನ್ನ ಕೈಗೆ ಬರುವುದಲ್ಲ. ಒಂದು ಮೂಲೆ ಮಾತ್ರ ಗೇಣಷ್ಟು ತೆರೆದಿತ್ತು.

"ಮಗಳ ಬಾಣಂತನಕ್ಕಂತ ಹೊಲ್ಯಾಕತ್ತಿದ್ಲು," ಎಂದರು ಕಾಕು. "ಈಗ ಟಿಕೋಟಾದಾಗ ಬಾಡಗಿ ಮನ್ಯಾಗ ಅದಾಳ. ಹೇಳಿ ಕಳಸ್ಲೇನು?"

"ನೋಡೂಣ್ರಿ," ಎಂದೆ. ಕೊಡುವ ಮನಸ್ಸಿರಲಿಲ್ಲ. ಮಧ್ಯಾಹ್ನವೇ ಕುಳಿತು ಮೂಲೆ ಮುಚ್ಚಿ, ನನ್ನ ಮಂಚದ ಮೇಲೆ ಹಾಸಿದೆ. ಮುಗಿಸಿದವಳು ನಾನಾದ ಮೇಲೆ ಅದು ನನ್ನದೇ ಎಂದುಕೊಂಡೆ.

ವಾರದೊಳಗೆ ಆಕೆಯೇ ಕಾಕುವಿನ ಜೊತೆ ಬಂದು ನಿಂತಳು. "ಅಕ್ಕಾರ, ಬ್ಯಾರೆ ಏನೂ ಬ್ಯಾಡ್ರಿ. ಕೌದಿ ಒಂದ ಇದ್ರ ಕೊಡ್ರಿ. ಮಗಳಿಗೆ ಇದ ತಿಂಗಳ ಐತಿ."

ಗುಜರಿಗೆ ಹೋಯಿತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಲಗುವ ಕೋಣೆಯ ಬಾಗಿಲು ತೆರೆದೇ ಇತ್ತು, ಆಕೆಯ ಕಣ್ಣು ಮಂಚದ ಮೇಲೇ ಇತ್ತು. ತಂದುಕೊಟ್ಟೆ. ಆಕೆ ಮೂಲೆಯನ್ನು ಬೆರಳಲ್ಲಿ ಒತ್ತಿ ನೋಡಿದಳು.

"ಹೊಟ್ಟಿ ತುಂಬಸದ ಮುಚ್ಚೀರೇನ್ರಿ?"

ನನಗೆ ಅರ್ಥವಾಗಲಿಲ್ಲ. ಕಾಕು ನಕ್ಕರು. "ಅಯ್ಯ, ಕೌದೀನ ಉಪಾಸ ಕೆಡವಿಯಲ್ಲವಾ! ರೊಟ್ಟಿ ತುಣುಕ ಇಟ್ಟ ಮೂಲಿ ಮುಚ್ಚಬೇಕು. ಹಸದ ಕೌದಿ ಕೂಸಿಗೆ ಹ್ಯಾಂಗ ಹೊದಸ್ತಾರು? ನಿಮ್ಮ ಸಾಲ್ಯಾಗ ಕಲಸಲಿಲ್ಲೇನ ಇದನ್ನ?"

ಅಡುಗೆಮನೆಗೆ ಹೋಗಿ ರೊಟ್ಟಿ ತಂದೆ. ಡಬ್ಬಿಯಲ್ಲಿದ್ದದ್ದು ಅಂಗಡಿಯಿಂದ ತಂದ ಖಡಕ್ ರೊಟ್ಟಿ, ಅದನ್ನೂ ಹೇಳಬೇಕಾಯಿತು. "ಯಾರ ಕೈದಾದ್ರ ಏನ್ರಿ," ಎನ್ನುತ್ತ ಆಕೆ ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಕೆಳಗೆ, ನಾನು ತೋರಿಸದೆಯೇ ಹೋಗಿ ಕುಳಿತಳು. ನನ್ನ ಹೊಲಿಗೆಯನ್ನು ಎರಡು ಬೆರಳಷ್ಟೇ ಬಿಚ್ಚಿದಳು. "ಉಳದದ್ದು ಇರ್ಲಿ. ಭಾಳ ಛಂದ ಹಾಕೀರಿ." ಚೂರು ರೊಟ್ಟಿ ಒಳಗಿಟ್ಟು, ನನ್ನದೇ ಸೂಜಿಯಿಂದ ಮುಚ್ಚಿ, ದಾರವನ್ನು ಹಲ್ಲಿನಿಂದ ಕಡಿದಳು.

ಮನೆ ಕಳೆದುಕೊಂಡವಳನ್ನು ಕಂಡು ಕರುಬುವುದು ಸಣ್ಣತನ ಎಂದು ನನಗೆ ಗೊತ್ತಿತ್ತು. ಆ ಮೆಚ್ಚುಗೆಯ ಮಾತು ಮಾತ್ರ ಬೈಗುಳಕ್ಕಿಂತ ಹೆಚ್ಚು ಉರಿಯಿತು. ನಾನೂ ದೊಡ್ಡ ಮನಸ್ಸಿನವಳಾಗಬೇಕೆಂದು, "ಡಬ್ಬಿನೂ ಒಯ್ಯಿರಿ," ಎಂದೆ.

ಆಕೆ ಅಡುಗೆಮನೆಯತ್ತ ಒಮ್ಮೆ ನೋಡಿದಳು. "ಇರ್ಲಿ ಬಿಡ್ರಿ ಅಕ್ಕಾರ. ನೀವ ಇಟ್ಕೋರಿ."

ಕೌದಿಯನ್ನು ಕಂಕುಳಲ್ಲಿ ಹಿಡಿದು ಹೋದಳು. ಕಾಕು ಆಕೆಯನ್ನು ಚಹಾಕ್ಕೆ ತಮ್ಮ ಮನೆಗೆ ಕರೆದೊಯ್ದರು. ಹರಾಜಿನಲ್ಲಿ ಬಂದಿದ್ದ ಡಬ್ಬಿಗಳು ಈಗ ಆಕೆ ನನಗೆ ಕೊಟ್ಟುಹೋದ ಡಬ್ಬಿಗಳಾದವು.