ಇಳಕಲ್ ಹುಡುಗನ ಕಾಲಿನ ಮೊದಲ ಎಕ್ಸ್-ರೇ

ಎರಡು ವರ್ಷದ ಹಿಂದಿನ ಮಾತು. ಸರ್ಕಾರಿ ದವಾಖಾನೆಯ ರೇಡಿಯಾಲಜಿಸ್ಟ್ ಕೆಲಸದಿಂದ ನಿವೃತ್ತಳಾಗಿ ಬಹಳ ಕಾಲವಾಗಿದ್ದರೂ ಬಾಗಲಕೋಟೆಯ ನವನಗರದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ದಿನಕ್ಕೆ ಮೂರು ತಾಸು ಕೂಡುತ್ತಿದ್ದೆ. ಎಕ್ಸ್-ರೇ, ಎಂಆರ್‌ಐ ಚಿತ್ರಗಳನ್ನು ಓದಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಯಂತ್ರ ನಡೆಸುವುದು ಟೆಕ್ನೀಷಿಯನ್ ಶಿವಾನಂದನ ಕೆಲಸ. ಬಾಸ್ಕೆಟ್‌ಬಾಲ್ ಬಗ್ಗೆ ಭವಿಷ್ಯ ನುಡಿಯುವುದು ಅವನಿಗೆ ಆಗಷ್ಟೇ ಹತ್ತಿದ ಚಟ.

ಆ ಚಟ ಹಚ್ಚಿದವನು ರಿಯಾಜ್. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕೆಲಸಗಾರರೊಬ್ಬರ ಮಗ, ಇಪ್ಪತ್ನಾಲ್ಕರ ಪ್ರಾಯ, ವೃತ್ತಿಪರ ಲೀಗಿನ ಒಂದು ತಂಡದಲ್ಲಿ ಚೆಂಡು ಮುಂದೊಯ್ಯುವ ಗಾರ್ಡ್. ಎರಡು ಸೀಸನ್ ಬೆಂಚಿನ ಮೇಲೆಯೇ ಕಳೆದವನು ಆ ವರ್ಷ ಮೊದಲ ಪಂದ್ಯದಿಂದಲೇ ಅಂಕಣಕ್ಕಿಳಿದ. ತಂಡ ಮೊದಲೆರಡು ಪಂದ್ಯ ಗೆದ್ದಿತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಸೀಟಿ ಊದಿ ನಮ್ಮನ್ನು ಓಡಿಸುತ್ತಿದ್ದ ಆ ಆಟವನ್ನು ನಮ್ಮ ಜಿಲ್ಲೆಯ ಹುಡುಗನೊಬ್ಬ ಫೋನಿನ ಸ್ಕ್ರೀನಿನಲ್ಲಿ ಆಡುವುದು ನೋಡಿ, ಖರೆ ಹೇಳುತ್ತೇನೆ, ನನಗೂ ಥ್ರಿಲ್ ಆಗಿತ್ತು.

"ಬರೆದಿಟ್ಕೋರಿ ಮೇಡಂ, ಈ ಸಲ ಫೈನಲ್ ಪಕ್ಕಾ," ಎಂದ ಶಿವಾನಂದ.

"ಎರಡ ಮ್ಯಾಚ್ ಆಗ್ಯಾವಲ್ಲೋ. ಟೂ ಅರ್ಲಿ."

"ನೀವು ಬಿಡ್ರಿ, ಮದಿವಿ ಮುಗಿದ್ರೂ ರಿಪೋರ್ಟ್ ಬರಲಿ ಅಂತೀರಿ."

ಅದಾದ ಮೇಲೆ ತಂಡಕ್ಕೆ ಒಂದು ವಾರ ಬಿಡುವು. ಊರಿಗೆ ಬಂದ ರಿಯಾಜ್ ಒಂದು ಬೆಳಿಗ್ಗೆ ಹುನಗುಂದದ ಮೇಲೆ ಬಸ್ಸು ಹಿಡಿದು ನಮ್ಮ ಸೆಂಟರಿಗೆ ಬಂದ. ಇಳಕಲ್ಲಿನಲ್ಲಿ ತೋರಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂಬ ಅಂಜಿಕೆ ಅವನಿಗೆ. ಎಡಗಾಲಿನ ಹೊರ ಅಂಚಿನಲ್ಲಿ ನೋವಿತ್ತು. ಶಿವಾನಂದ ಎಕ್ಸ್-ರೇ ತೆಗೆದ. ಎಲುಬು ಸ್ವಚ್ಛವಾಗಿಯೇ ಕಂಡಿತು. ಆದರೆ ಕಿರುಬೆರಳಿನ ಹಿಂದಿನ ಉದ್ದ ಎಲುಬಿನ, ಅಂದರೆ ಫಿಫ್ತ್ ಮೆಟಟಾರ್ಸಲ್‌ನ, ಬುಡವನ್ನು ನಾನು ಹೆಬ್ಬೆರಳಿನಿಂದ ಒತ್ತಿದೊಡನೆ ಅವನು ಕಾಲನ್ನು ಸರ್ರನೆ ಎಳೆದುಕೊಂಡ.

ಓಡಿ ಜಿಗಿದು ದಣಿದ ಎಲುಬಿನಲ್ಲಿ ಬೀಳುವ ಕೂದಲೆಳೆಯಂಥ ಸೀಳಿಗೆ ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತೇವೆ. ಮೊದಲ ಎರಡು ಮೂರು ವಾರ ಅದು ಎಕ್ಸ್-ರೇಯಲ್ಲಿ ಕಾಣದೇ ಇರಬಹುದು. ಎಂಆರ್‌ಐಯಲ್ಲಿ ಕಾಣುತ್ತದೆ. ಆ ಯಂತ್ರ ಪಕ್ಕದ ಕೋಣೆಯಲ್ಲೇ ಇತ್ತು.

"ಹತ್ತ ಹೆಜ್ಜಿ ನಡಿ ತಮ್ಮಾ, ಎಂಆರ್‌ಐ ಮಾಡಿಸ್ಕೊಂಡ ಹೋಗು."

"ಅದು ಬ್ಯಾಡ್ರಿ ಮೇಡಂ. ಅದರಾಗ ಏನರ ಸಿಗ್ತೈತಿ."

"ಸಿಗಲಿ ಅಂತನ ಮಾಡೂದು."

"ಸಿಕ್ರ ಕುಂಡ್ರಸ್ತಾರ್ರಿ. ಇನ್ನೊಬ್ಬನ ಮೊಣಕಾಲು ಹೋತಂತ ನನಗ ಈ ಜಾಗಾ ಸಿಕ್ಕೈತಿ. ಎದ್ದು ಹೋದಾವಂಗ ಅಲ್ಲೆ ಯಾರೂ ಜಾಗಾ ಹಿಡಿಯಂಗಿಲ್ರಿ."

ನಾನು ರಿಪೋರ್ಟಿನಲ್ಲಿ ಎರಡು ಸಾಲು ಬರೆದೆ. ಮೂಳೆ ಮುರಿತ ಕಂಡುಬಂದಿಲ್ಲ ಎಂಬುದು ಮೊದಲನೆಯದು. ಸ್ಟ್ರೆಸ್ ಫ್ರಾಕ್ಚರಿನ ಬಲವಾದ ಶಂಕೆಯಿದೆ, ಎಂಆರ್‌ಐ ಆಗುವವರೆಗೆ ಆಡಕೂಡದು ಎಂಬುದು ಎರಡನೆಯದು. ಎರಡನ್ನೂ ಅವನಿಗೆ ಓದಿ ಹೇಳಿದೆ. ತಲೆಯಾಡಿಸಿ, ಕಾಗದ ಮಡಚಿಕೊಂಡು ಹೋದ.

ಮೂರನೇ ಪಂದ್ಯವನ್ನು ಸಂಜೆ ಸೆಂಟರಿನಲ್ಲೇ ನೋಡಿದೆವು. ಅವನು ಆಡಲಾರ ಎಂದುಕೊಂಡಿದ್ದೆ. ಆಡಿದ. ಎಡಕ್ಕೆ ತಿರುಗುವಾಗಲೆಲ್ಲ ಆ ಕಾಲಿನ ಮೇಲೆ ಭಾರ ಹಾಕದೆ ಅರ್ಧ ಹೆಜ್ಜೆ ಕದಿಯುತ್ತಿದ್ದ.

"ಬೀಗರಂಗ ನಿಂತಾನ ನೋಡ್ರಿ! ಯಾರರ ಅವಗ ಚಹಾ ತಂದುಕೊಡ್ರಪಾ."

"ಶಿವಾನಂದ, ಅವನ ಕಾಲು ನೋಯಾಕತ್ತೈತಿ."

"ಫಿಲ್ಮ್ ನಾನ ತಗದೇನ್ರಿ. ಏನೂ ಇಲ್ಲಂತ ನೀವ ಬರದೀರಿ!"

ಉತ್ತರ ಕೊಡುವ ಮೊದಲೇ ಕಾಮೆಂಟರಿಯವನು ಹೇಳಿದ: ಊರಿನಲ್ಲಿ ಚೆಕ್ ಮಾಡಿಸಿಕೊಂಡು ಬಂದಿದ್ದಾರೆ, ರಿಪೋರ್ಟ್ ಕ್ಲಿಯರ್ ಇದೆಯಂತೆ. ತಂಡ ಸೋತಿತು. ಕಳೆದ ವಾರ ಅವನನ್ನು ಹೊತ್ತು ಕುಣಿದಿದ್ದ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಸೋಮಾರಿ, ಸೊಕ್ಕು ಎಂಬ ಮಾತು ಹರಿದಾಡಿತು. ಎಲ್ಲರ ಸಾಕ್ಷಿ ಒಂದೇ, ನನ್ನ ಮೊದಲ ಸಾಲು.

ಮರುದಿನ ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ.

"ಕೋಚ್‌ಗೆ ಏನು ಕಳಿಸಿದಿ?"

"ರಿಪೋರ್ಟಿನ ಫೋಟೋ ರಿ."

"ಪೂರಾ?"

"ಮ್ಯಾಲಿನ ಅರ್ಧ ರಿ. ಸುಳ್ಳೇನು ಕಳಿಸಿಲ್ರಿ ಮೇಡಂ. ನೀವ ಬರದಿದ್ದು ಕಳಿಸೇನಿ."

"ನಾನ ಅವರ ಜೋಡಿ ಮಾತಾಡ್ತೇನಿ. ನೀ ಬರೇ ಹೂಂ ಅನ್ನು."

"ಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನ್ರಿ. ಇನ್ನ ನಾಕ ಮ್ಯಾಚ್ ರಿ."

ರೋಗಿಯ ರಿಪೋರ್ಟ್ ರೋಗಿಯದು. ಅವನು ಒಪ್ಪದೆ ತಂಡಕ್ಕೆ ಹೇಳುವ ಹಕ್ಕು ನನಗಿರಲಿಲ್ಲ. ಹೇಳಿಬಿಡಲೇ ಎಂದು ಮೂರು ದಿನ ಯೋಚಿಸಿದೆ. ಮೂವತ್ತು ವರ್ಷ ಜೂನಿಯರ್‌ಗಳಿಗೆ ಪಾಠ ಮಾಡಿದ ಎಥಿಕ್ಸ್ ಇದು. ಅದನ್ನು ಮುರಿಯಲು ಧೈರ್ಯ ಬರಲಿಲ್ಲ. ಪಾಲಿಸಿದ್ದಕ್ಕೆ ಸಮಾಧಾನವೂ ಆಗಲಿಲ್ಲ.

ನಾಲ್ಕನೇ ಪಂದ್ಯದ ಎರಡನೇ ಕ್ವಾರ್ಟರಿನಲ್ಲಿ ರಿಯಾಜ್ ಚೆಂಡು ಹಿಡಿದು ಎಡಕ್ಕೆ ತಿರುಗಿದ. ಯಾರೂ ತಾಗಿರಲಿಲ್ಲ, ಹತ್ತಿರದಲ್ಲೂ ಇರಲಿಲ್ಲ. ಕುಸಿದು ಕೂತ. ಶಿವಾನಂದ ಫೋನಿನ ಸದ್ದು ಬಂದ್ ಮಾಡಿದ.

ಮೊದಲ ಫಿಲ್ಮ್ ತೆಗೆದ ಹದಿನಾರನೇ ದಿನ, ಕಾಲಿಗೆ ಕಟ್ಟು ಹಾಕಿಸಿಕೊಂಡವನನ್ನು ಅವನ ಅಪ್ಪ ಕರೆತಂದರು. ಆಪರೇಷನ್ ಮಾಡಿ ಸ್ಕ್ರೂ ಹಾಕುವ ಮುಂಚೆ ಹೊಸ ಚಿತ್ರ ಬೇಕಾಗಿತ್ತು. ಈ ಸಲ ಓದಲು ಡಾಕ್ಟರೇ ಬೇಕಿರಲಿಲ್ಲ. ಎಲುಬಿನ ಅಡ್ಡಕ್ಕೆ ಕಪ್ಪು ಗೆರೆ.

ಅಪ್ಪ ಎರಡೂ ಫಿಲ್ಮ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮ ಕಲ್ಲಿನಾಗೂ ಹಿಂಗ ಆಕ್ಕೈತ್ರಿ ಮೇಡಂ. ಕಣ್ಣಿಗೆ ಚೊಲೋ ಕಾಣ್ತೈತಿ. ಅದಕ ನಾವು ಬಡದು ಸಪ್ಪಳ ಕೇಳ್ತೀವಿ. ಒಳಗ ಸೀಳಿದ್ರ ಸಪ್ಪಳ ಬ್ಯಾರೆ." ಫಿಲ್ಮ್‌ಗಳನ್ನು ಕೆಳಗಿಳಿಸಿ ಕೇಳಿದರು: "ಅವತ್ತ ನಿಮಗ ಸಪ್ಪಳ ಕೇಳಿತ್ತೇನ್ರಿ?"

"ಕೇಳಿತ್ರಿ."

"ಮತ್ತ..." ಎಂದು ಶುರುಮಾಡಿ ಅವರು ನಿಲ್ಲಿಸಿದರು. ರಿಯಾಜ್ ಗೋಡೆಯ ಕಡೆ ಮುಖ ತಿರುಗಿಸಿದ್ದ. ಎರಡನೇ ಸಾಲು ನನ್ನ ಕಂಪ್ಯೂಟರಿನಲ್ಲಿತ್ತು. ಒಂದು ಕ್ಲಿಕ್ ಸಾಕಿತ್ತು. ನಾನು ತೋರಿಸಲಿಲ್ಲ. ಆ ಅಪ್ಪನ ಕಣ್ಣಿನಲ್ಲಿ ಇವತ್ತಿಗೂ ನಾನು ಗೊತ್ತಿದ್ದೂ ಹೇಳದ ಡಾಕ್ಟರೇ ಆಗಿರಬೇಕು.

ತಂಡ ಆ ವಾರವೇ ಬೇರೆ ಗಾರ್ಡ್‌ನನ್ನು ಇಳಿಸಿತು. ರಿಯಾಜ್ ಈಗ ನೆಟ್ಟಗೆ ನಡೆಯುತ್ತಾನೆ. ತಂಡದಿಂದ ಮತ್ತೆ ಕರೆ ಬಂದಿಲ್ಲ.

ಈ ಕೇಸು ಕಲಿಸಿದ್ದು ಇಷ್ಟೇ: ಕೈಗೆ ಗೊತ್ತಾದದ್ದನ್ನು ಈಗ ಮೊದಲ ಸಾಲಿನಲ್ಲಿ ಬರೆಯುತ್ತೇನೆ, ಫಿಲ್ಮಿನಲ್ಲಿ ಏನೂ ಕಂಡಿಲ್ಲ ಎಂಬುದನ್ನು ಅದರ ಕೆಳಗೆ. ಆಡಲೇಬೇಕೆಂದು ಬಂದ ಹುಡುಗ ಆಗ ಕೆಳಗಿನರ್ಧದ ಫೋಟೋ ತೆಗೆಯುತ್ತಾನೆ. ಅದೂ ನನಗೆ ಗೊತ್ತು.