ಬಚ್ಚಲ ನೀರು ಕೇಳಿದ ಹುಡುಗಿ

“ನಿಮ್ಮ ಮನಿ ಬಚ್ಚಲ ನೀರು ಎಲ್ಲಿಗಿ ಹೋಗ್ತದ್ರಿ?”

ತಮ್ಮನಿಗೆ ಹೆಣ್ಣು ನೋಡಲು ಶಹಾಪುರದಿಂದ ವಡಗೇರಾಕ್ಕೆ ಹೋಗಿದ್ದೆವು. ಅವಲಕ್ಕಿ, ಚಹಾ ಮುಗಿದ ಮೇಲೆ ಅವ್ವ ರೂಢಿಯಂತೆ, “ನಿಂದೇನರ ಕೇಳೋದದ ಏನವ್ವ?” ಅಂದಿದ್ದಳು. ಸಾಮಾನ್ಯವಾಗಿ ಹುಡುಗಿಯರು ಇಲ್ಲವೆಂದು ತಲೆಯಾಡಿಸುತ್ತಾರೆ. ಈಕೆ ಹೀಗೆ ಕೇಳಿಯೇಬಿಟ್ಟಳು.

ಅವ್ವನ ಮುಖ ಬಿಗಿಯಿತು. ನಮ್ಮ ನೀರು ಹರಿಯುವುದು ಬೀದಿಗೆ. ಒಳಚರಂಡಿ ಬರುವ ದಾರಿ ಕಾಯುತ್ತಾ ಓಣಿಯ ಜನರೆಲ್ಲ ಅದನ್ನೇ ದಾಟಿ ಓಡಾಡುತ್ತಾರೆ. ತಮ್ಮ ತಲೆ ತಗ್ಗಿಸಿ, “ಓಣ್ಯಾಗ ಹೋಗ್ತದ್ರಿ” ಎಂದ.

ಆಕೆ ನಗಲಿಲ್ಲ. “ಬರ್ರಿ, ನಮ್ದು ತೋರಸ್ತೀನಿ” ಎಂದು ಹಿತ್ತಲಿಗೆ ಕರೆದೊಯ್ದಳು. ಪಾಯಖಾನೆ, ಬಚ್ಚಲುಗಳ ನೀರು ಮೊದಲು ಮುಚ್ಚಿದ ತೊಟ್ಟಿಯಲ್ಲಿ ನಿಲ್ಲುತ್ತಿತ್ತು. ರಾಡಿ ತಳಕ್ಕಿಳಿದ ಮೇಲೆ ತಿಳಿನೀರು, ಜಲ್ಲಿಕಲ್ಲು ತುಂಬಿ ಕಾಬಾಳೆ ಹೂವಿನ ಗಿಡ ನೆಟ್ಟ ಪಾತಿಯಲ್ಲಿ ಸೋಸಿಕೊಂಡು ನುಗ್ಗೆಗಿಡದ ಬುಡ ಸೇರುತ್ತಿತ್ತು. ಅಪ್ಪನ ಜೊತೆ ನಿಂತು ಆಕೆಯೇ ಕಟ್ಟಿದ್ದಳಂತೆ. ಮೂಗಿಗೆ ಸೆರಗು ಹಿಡಿದೇ ಬಂದಿದ್ದ ಅವ್ವ, ಸ್ವಲ್ಪ ಹೊತ್ತಿಗೆ ಅದನ್ನು ಮೆಲ್ಲಗೆ ಬಿಟ್ಟಳು. ನಾತವೇ ಇರಲಿಲ್ಲ. ಕೆಂಪು ಹೂವಿನ ಮೇಲೆ ಜೇನು ಕೂತಿದ್ದವು. ನನಗಂತೂ ಹುಡುಗಿ ಅಲ್ಲೇ ಮನಸ್ಸಿಗೆ ಬಂದಳು.

ಹೆಣ್ಣಿನ ಕಡೆಯವರ ಉತ್ತರ ಇನ್ನೂ ಬಂದಿಲ್ಲ. ತಮ್ಮ ಮಾತ್ರ ನಮ್ಮ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದಾನೆ. ಬುಟ್ಟಿಯಲ್ಲಿ ಜಲ್ಲಿ ಹೊತ್ತು ತಂದು ಸುರಿಯುತ್ತಾ ಅವ್ವ ಹೇಳುತ್ತಾಳೆ: “ಆಕಿ ಬರ್ಲಿ, ಬಿಡ್ಲಿ. ಇನ್ನೊಮ್ಮಿ ಯಾರರ ಕೇಳಿದ್ರ, ಹೇಳಾಕ ನಮಗ ಬಾಯಿ ಇರ್ಬೇಕು.”